ಕ್ಯಾಲ್ಸಿಯಂ ಬಾಟಲಿಗಿಂತ ಮೊದಲು ಗೋದಲಿ ನೋಡ್ರಿ

2024ರ ಮಾರ್ಚ್ ಮೊದಲ ವಾರದಲ್ಲಿ ನಮ್ಮ ಮನೆಯ ಎಮ್ಮೆ ಸತ್ತಿತು. ಐದನೇ ಸೂಲು. ಈದು ಇಪ್ಪತ್ತೆರಡು ದಿನ ಆಗಿತ್ತು. ಹೊತ್ತಿಗೆ ಮೂರು ಲೀಟರಿನಂತೆ ದಿನಕ್ಕೆ ಆರು ಲೀಟರ್ ಹಾಲು ಹಿಂಡುತ್ತಿದ್ದೆವು. ದಿನಾ ಕ್ಯಾಲ್ಸಿಯಂ ಔಷಧ ಸೈತ ಕುಡಿಸುತ್ತಿದ್ದೆ, ಅದಕ್ಕೆ ಏನೂ ಕೊರತೆ ಮಾಡಿಲ್ಲ ಅಂತ ನಾನು ತಿಳಿದಿದ್ದೆ. ಕೊರತೆ ಎಲ್ಲಿತ್ತು ಅಂತ ಗೊತ್ತಾಗಿದ್ದು ಎಮ್ಮೆ ಹೋದ ಮೇಲೆ. ಆ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕುಂದಗೋಳ ತಾಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ. ಶೇಂಗಾ, ಜೋಳ, ಹತ್ತಿ, ಹಿಂಗಾರಿಗೆ ಕಡಲೆ. ಎರಡು ಎಮ್ಮೆ ಇದ್ದವು. ಒಂದು ಮುರ್ರಾ ಬೆರಕೆಯದು, ಇನ್ನೊಂದು ನಮ್ಮ ಧಾರವಾಡಿ ಎಮ್ಮೆ. ಸತ್ತದ್ದು ಬೆರಕೆಯದು.

ಏನಾಯಿತು

2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳಿಗೆ ಬರ ಬಿದ್ದದ್ದು ಎಲ್ಲರಿಗೂ ನೆನಪಿದೆ. ಹಸಿ ಮೇವು ಕಾಣಲಿಲ್ಲ. ಬಣವೆಯಲ್ಲಿ ಹಳೆ ಕಣಿಕೆ ಇತ್ತು, ಸ್ವಲ್ಪ ಶೇಂಗಾ ಹೊಟ್ಟು ಇತ್ತು. ಬೂಸಾ ತುಟ್ಟಿ ಆಗಿತ್ತು. ಎಮ್ಮೆ ಬತ್ತಿದ ಕೂಡಲೇ "ಹಾಲು ಕೊಡದ ಎಮ್ಮಿಗೆ ಬೂಸಾ ಯಾಕ?" ಎಂದು ಬೂಸಾ, ಹಿಂಡಿ ಎರಡೂ ನಿಲ್ಲಿಸಿದೆ. ದಿನಕ್ಕೆ ಎಂಟು ಕೆ.ಜಿ. ಕಣಿಕೆ, ಎರಡು ಕೆ.ಜಿ. ಹೊಟ್ಟು, ಅಷ್ಟೇ. ಮನಸ್ಸಿಗೆ ಸಮಾಧಾನಕ್ಕೆ ಅಂತ ಈಯುವುದಕ್ಕೆ ತಿಂಗಳು ಮೊದಲಿನಿಂದ ಐದು ಲೀಟರಿನ ಕ್ಯಾಲ್ಸಿಯಂ ಡಬ್ಬಿ ತಂದು ದಿನಾ 100 ಮಿ.ಲೀ. ಕುಡಿಸಿದೆ. ಈದ ಮೇಲೂ ಹಿಂಡಿ ಅರ್ಧ ಕೆ.ಜಿ. ಮಾತ್ರ. ಬೂಸಾ ಇಲ್ಲ.

ಆ ಎಮ್ಮೆ ಗಬ್ಬ ಇದ್ದಾಗಲೇ ಹಗ್ಗ ಕಡಿಯುತ್ತಿತ್ತು, ಗೋಡೆಯ ಮಣ್ಣು ನೆಕ್ಕುತ್ತಿತ್ತು. ಒಂದು ದಿನ ಹಳೆ ಚಪ್ಪಲಿ ಬಾಯಲ್ಲಿ ಹಿಡಿದು ನಿಂತಿತ್ತು. ನಾವು ನಕ್ಕು ಸುಮ್ಮನಾದೆವು.

ಈದು ಹತ್ತೊಂಬತ್ತನೇ ದಿನ ಮೂತ್ರ ಚಹಾದ ಬಣ್ಣಕ್ಕೆ ಬಂತು. ಓಣಿಯ ಕಾಕಾ ಒಬ್ಬರು ನೋಡಿ, "ಉಷ್ಣ ಆಗೈತಿ, ಕೊತ್ತಂಬರಿ ಕಾಳಿನ ನೀರು ಕುಡಸು, ಮಜ್ಜಿಗಿ ಕುಡಸು" ಎಂದರು. ಕುಡಿಸಿದೆ. ಮರುದಿನ ಮೂತ್ರ ಕಾಫಿಯಂತೆ ಕಪ್ಪಾಯಿತು. ಹಾಲು ಆರು ಲೀಟರಿನಿಂದ ಒಂದಕ್ಕೆ ಇಳಿಯಿತು. ಮೂರನೇ ದಿನ ಎಮ್ಮೆ ಏಳಲಿಲ್ಲ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಕಾಗದದಂತೆ ಬೆಳ್ಳಗಾಗಿತ್ತು. ಆಗ ಡಾಕ್ಟರರನ್ನು ಕರೆದೆ.

ಅವರು ಜ್ವರ ನೋಡಿದರು, ಇರಲಿಲ್ಲ. ಉಣ್ಣೆ ಜ್ವರದಲ್ಲಿಯೂ ಮೂತ್ರ ಕೆಂಪಾಗುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಮೈ ಕಾದಿರುತ್ತದೆ ಎಂದು ಹೇಳಿ, ಪರೀಕ್ಷೆಗೆ ಗಾಜಿನ ಮೇಲೆ ರಕ್ತದ ಹನಿ ತೆಗೆದುಕೊಂಡರು. ಆಮೇಲೆ ಏನೇನು ತಿನ್ನಿಸಿದ್ದೀರಿ ಎಂದು ಕೇಳಿದರು. ಹೇಳಿದೆ.

"ಕ್ಯಾಲ್ಸಿಯಂ ದಿನಾ ಹಾಕೇನ್ರೀ ಸಾಹೇಬ್ರ" ಎಂದೆ.

"ಇದಕ್ಕ ಕಡಿಮಿ ಬಿದ್ದದ್ದು ಕ್ಯಾಲ್ಸಿಯಂ ಅಲ್ಲ, ರಂಜಕ. ರಂಜಕ ಇಲ್ಲದ ರಕ್ತದ ಕಣ ಒಡೆದು ಮೂತ್ರದಾಗ ಹೊಂಟಾವ. ಮೂರು ದಿನ ಮೊದಲ ಕರೀಬೇಕಿತ್ತು."

ನರಕ್ಕೆ ಸೋಡಿಯಂ ಆಸಿಡ್ ಫಾಸ್ಫೇಟ್ ಕೊಟ್ಟರು. ತಮ್ಮ ಕೈಲಾದದ್ದೆಲ್ಲ ಮಾಡಿದರು. ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಅದೇ ರಾತ್ರಿ ಹೋಯಿತು.

ಎರಡು ತಿಂಗಳು ದಿನಕ್ಕೆ ಒಂದು ಕೆ.ಜಿ. ಬೂಸಾ ಉಳಿಸಿದ್ದೆ. ಆಗಿನ ಧಾರಣೆ 30 ರೂಪಾಯಿ ಹಿಡಿದರೆ 1,800 ರೂಪಾಯಿ. ಕಳೆದುಕೊಂಡದ್ದು 70 ಸಾವಿರದ ಎಮ್ಮೆ.

ಹುಬ್ಬಳ್ಳಿಯಲ್ಲಿ ಆಮೆ ಕಲಿಸಿದ ಪಾಠ

ಎರಡನೇ ಕ್ಯಾಲ್ಸಿಯಂ ಡಬ್ಬಿ ಆಗಷ್ಟೇ ಒಡೆದಿದ್ದೆ. ಧಾರವಾಡಿ ಎಮ್ಮೆ ಆರು ತಿಂಗಳ ಗಬ್ಬ ಇತ್ತು. ಇದನ್ನು ಅದಕ್ಕೆ ಹಾಕಲೋ ಬೇಡವೋ ಎಂದು ಕೇಳಲು ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯ ಒಬ್ಬ ಖಾಸಗಿ ಪಶುವೈದ್ಯರ ಹತ್ತಿರ ಹೋದೆ. ನನಗಿಂತ ಮುಂದೆ ಕಾಲೇಜಿನ ಹುಡುಗನೊಬ್ಬ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗೈ ಅಗಲದ ಆಮೆ ಇಟ್ಟುಕೊಂಡು ಕುಳಿತಿದ್ದ. ಕಿವಿಯ ಹತ್ತಿರ ಕೆಂಪು ಪಟ್ಟಿ ಇರುವ ವಿದೇಶಿ ಆಮೆ. ಅದರ ಚಿಪ್ಪು ಒತ್ತಿದರೆ ತಗ್ಗಾಗುತ್ತಿತ್ತು.

"ಏನು ತಿನ್ನಸ್ತೀಯಪಾ?" ಎಂದು ಡಾಕ್ಟರು ಕೇಳಿದರು.

"ಚಿಕನ್ ತುಂಡು ಸರ್. ಅದನ್ನಷ್ಟ ತಿಂತೈತಿ."

"ಬಿಸಿಲಿಗೆ ಇಡ್ತೀಯೇನು?"

"ಕಿಟಕಿ ಹತ್ರ ಇರ್ತೈತ್ರಿ, ಗಾಜಿನ ಒಳಗ."

ಡಾಕ್ಟರು ಅವನಿಗೆ ಹೇಳಿದ್ದನ್ನು ನಾನೂ ಕುಳಿತು ಕೇಳಿದೆ. ಬರೇ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದು ಇಪ್ಪತ್ತು ಪಟ್ಟು ಜಾಸ್ತಿ. ಆ ರಂಜಕಕ್ಕೆ ಸರಿಜೋಡಿ ಮಾಡಲು ಮೈ ತನ್ನ ಎಲುಬಿನ ಕ್ಯಾಲ್ಸಿಯಂ ಕರಗಿಸುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಬಿಸಿಲು ಮೈಗೆ ಬಿದ್ದರೆ ಡಿ ಜೀವಸತ್ವ ತಯಾರಾಗಿ ಕ್ಯಾಲ್ಸಿಯಂ ಹೀರಿಕೊಳ್ಳಲು ಸಹಾಯ ಆಗುತ್ತದೆ. ಆದರೆ ಅದಕ್ಕೆ ಬೇಕಾದ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಅಂಥ ಪ್ರಾಣಿಯ ಆಹಾರದಲ್ಲಿ ರಂಜಕ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಎರಡು ಪಾಲು ಇರಬೇಕು. ಅದಕ್ಕೆ ಅವನಿಗೆ ರಂಜಕ ಇಲ್ಲದ ಬರೇ ಕ್ಯಾಲ್ಸಿಯಂ ಪುಡಿ ಬರೆದುಕೊಟ್ಟು, ಸೊಪ್ಪು ರೂಢಿ ಮಾಡಿಸಲು ಹೇಳಿ, ನೆರಳಿಗೆ ಸರಿಯುವ ಜಾಗ ಬಿಟ್ಟು ಬೆಳಗಿನ ಬಿಸಿಲಿಗೆ ಬಿಡು ಎಂದರು. "ಡಿ ಜೀವಸತ್ವದ ಹನಿ ಅಂತ ಸಿಕ್ಕಾಪಟ್ಟಿ ಹಾಕಬ್ಯಾಡ. ಹೆಚ್ಚಾದ್ರ ಮೂತ್ರಪಿಂಡದಾಗ ಸುಣ್ಣ ಕಟ್ಟತೈತಿ" ಎಂದೂ ಎಚ್ಚರಿಸಿದರು. ಸಾಕಲು ಬೇಸರ ಬಂದರೆ ಉಣಕಲ್ ಕೆರೆಗೆ ಬಿಡಬೇಡ, ವಿದೇಶಿ ಆಮೆ ನಮ್ಮ ಕೆರೆಯ ಆಮೆಗಳ ಜಾಗ ಕಸಿಯುತ್ತದೆ ಎಂದರು. ನಮ್ಮ ನಾಡಿನ ನಕ್ಷತ್ರ ಆಮೆಯಂಥವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಹೇಳಿದರು.

ಹುಡುಗ ಹೋದ ಮೇಲೆ ನನ್ನ ಕಥೆ ಕೇಳಿ ಡಾಕ್ಟರು ಹೇಳಿದರು: "ನೋಡ್ರಿ ಯಜಮಾನ್ರ, ಆ ಆಮಿಗೆ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮಿ. ನಿಮ್ಮ ಎಮ್ಮಿಗೆ ಅದರ ಉಲ್ಟಾ. ಇಬ್ಬರೂ ಅಂಗಡ್ಯಾಗ ಹೋಗಿ ಕೇಳಿದ್ದು ಮಾತ್ರ ಒಂದ, ಕ್ಯಾಲ್ಸಿಯಂ. ಮೊದಲ ಗ್ವಾದಲ್ಯಾಗ ಏನೈತಿ ಅಂತ ಲೆಕ್ಕ ಹಾಕ್ರಿ. ಆಮ್ಯಾಲ ಬಾಟಲಿ."

ಅವತ್ತು ಅವರು ಒಂದು ಹಾಳೆಯ ಮೇಲೆ ಹಾಕಿಕೊಟ್ಟ ಲೆಕ್ಕವನ್ನೇ ಕೆಳಗೆ ಕೊಡುತ್ತಿದ್ದೇನೆ.

ಗೋದಲಿಯ ಲೆಕ್ಕ

ಮೇವಿನ ಗುಣ ಹೊಲದಿಂದ ಹೊಲಕ್ಕೆ ಬೇರೆ. ಇವು ಅಂದಾಜಿನ ಅಂಕಿಗಳು. ಆದರೆ ದಿಕ್ಕು ತಪ್ಪುವುದಿಲ್ಲ.

ಜೋಳದ ಕಣಿಕೆ ಒಂದು ಕೆ.ಜಿ.ಯಲ್ಲಿ ಕ್ಯಾಲ್ಸಿಯಂ ಸುಮಾರು ಮೂರೂವರೆ ಗ್ರಾಂ, ರಂಜಕ ಒಂದು ಗ್ರಾಂ. ಶೇಂಗಾ ಹೊಟ್ಟಿನಲ್ಲಿ ಕ್ಯಾಲ್ಸಿಯಂ ಸುಮಾರು 12 ಗ್ರಾಂ, ರಂಜಕ ಒಂದೂವರೆ ಗ್ರಾಂ. ಗೋಧಿ ಬೂಸಾದಲ್ಲಿ ಇದು ತಿರುವುಮುರುವು: ಕ್ಯಾಲ್ಸಿಯಂ ಒಂದು ಗ್ರಾಂ, ರಂಜಕ ಹತ್ತು ಗ್ರಾಂ. ಹತ್ತಿಕಾಳು ಹಿಂಡಿಯಲ್ಲೂ ಕ್ಯಾಲ್ಸಿಯಂ ಕಡಿಮೆ, ರಂಜಕ ಏಳೆಂಟು ಗ್ರಾಂ. ಇಷ್ಟು ನೆನಪಿಟ್ಟರೆ ಸಾಕು: ದ್ವಿದಳದ ಮೇವು, ಹೊಟ್ಟು, ಸೊಪ್ಪುಗಳಲ್ಲಿ ಕ್ಯಾಲ್ಸಿಯಂ. ಬೂಸಾ, ತೌಡು, ಹಿಂಡಿಗಳಲ್ಲಿ ರಂಜಕ. ಒಣ ಕಣಿಕೆಯಲ್ಲಿ ರಂಜಕ ಇಲ್ಲವೆನ್ನುವಷ್ಟು ಕಡಿಮೆ. ನೆಲ್ಲುಹುಲ್ಲು ತಿನ್ನಿಸುವವರು ಇನ್ನೊಂದು ತಿಳಿಯಬೇಕು. ಅದರಲ್ಲಿರುವ ಆಕ್ಸಲೇಟ್ ಎಂಬ ಆಮ್ಲದ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹೀಗಾಗಿ ಅವರಿಗೆ ಕ್ಯಾಲ್ಸಿಯಂ ಕೊರತೆಯೂ ಬರಬಹುದು.

ಸತ್ತ ಎಮ್ಮೆಗೆ ನಾನು ಹಾಕಿದ್ದನ್ನು ಕೂಡಿಸಿದರೆ ದಿನಕ್ಕೆ ಕ್ಯಾಲ್ಸಿಯಂ 50 ಗ್ರಾಂ ಮೇಲೆ, ರಂಜಕ 15 ಗ್ರಾಂ. ಆರು ಲೀಟರ್ ಹಾಲಿನ ಎಮ್ಮೆಗೆ ಬೇಕಾದದ್ದು ಹೆಚ್ಚುಕಡಿಮೆ ಕ್ಯಾಲ್ಸಿಯಂ 40 ಗ್ರಾಂ, ರಂಜಕ 25 ಗ್ರಾಂ. ಕ್ಯಾಲ್ಸಿಯಂ ಮೇವಿನಲ್ಲೇ ಸಾಕಷ್ಟಿತ್ತು. ಇದ್ದದ್ದಕ್ಕೇ ನಾನು ಮತ್ತೆ ಸುರಿದೆ. ಬೇಕಾದದ್ದನ್ನು ಉಳಿತಾಯ ಅಂತ ನಿಲ್ಲಿಸಿದ್ದೆ.

ಎಮ್ಮೆಯ ಒಂದು ಲೀಟರ್ ಹಾಲಿನಲ್ಲಿ ಸುಮಾರು 1.8 ಗ್ರಾಂ ಕ್ಯಾಲ್ಸಿಯಂ, ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ರಂಜಕ ಹೋಗುತ್ತದೆ. ಆಕಳ ಹಾಲಿನಲ್ಲಿ ಕ್ಯಾಲ್ಸಿಯಂ 1.2 ಗ್ರಾಂ. ಎಮ್ಮೆ ಹಾಲು ಗಟ್ಟಿ ಎಂದು ನಾವು ಹೇಳುವುದು ಬೆಣ್ಣೆಗಾಗಿ ಮಾತ್ರ ಅಲ್ಲ. ಅಷ್ಟನ್ನೂ ಅದು ಮೇವಿನಿಂದಲೇ ಎತ್ತಬೇಕು. ಮೇವಿನಲ್ಲಿ ಇಲ್ಲದಿದ್ದರೆ ತನ್ನ ಎಲುಬಿನಿಂದ.

ಅಂಗಡಿಯಲ್ಲಿ ಸಿಗುವವು: ಯಾವುದರಲ್ಲಿ ಎಷ್ಟು?

ನಾನು ಕೊಂಡ ಡಬ್ಬಿ, ಚೀಲಗಳ ಚೀಟಿ ಓದಿ, ಲೆಕ್ಕ ಹಾಕಿ ಬರೆದಿಟ್ಟದ್ದು ಹೀಗಿದೆ. ಬೆಲೆ ನಾನು ಕೊಟ್ಟದ್ದು. ನಿಮ್ಮ ಊರಲ್ಲಿ ಹೆಚ್ಚುಕಡಿಮೆ ಇರಬಹುದು.

1. ಕ್ಯಾಲ್ಸಿಯಂ ದ್ರಾವಣ: ಐದು ಲೀಟರಿಗೆ 650 ರೂ. ದಿನದ 100 ಮಿ.ಲೀ.ಗೆ 13 ರೂ. ಅದರಲ್ಲಿ ಕ್ಯಾಲ್ಸಿಯಂ 1,650 ಮಿಲಿಗ್ರಾಂ, ಅಂದರೆ ಬರೇ 1.65 ಗ್ರಾಂ. ರಂಜಕ ಒಂದು ಗ್ರಾಂಗಿಂತಲೂ ಕಡಿಮೆ. ಜೊತೆಗೆ ಡಿ3, ಬಿ12. "ಸಾವಿರದ ಆರುನೂರು" ಎಂಬ ಅಂಕಿ ನೋಡಿ ದೊಡ್ಡದು ಅಂತ ತಿಳಿದಿದ್ದೆ. ಒಂದು ಲೀಟರ್ ಹಾಲಿನಲ್ಲಿ ಹೋಗುವಷ್ಟೂ ಅದರಲ್ಲಿಲ್ಲ.

2. ಖನಿಜ ಮಿಶ್ರಣದ ಪುಡಿ: ಕೆ.ಜಿ.ಗೆ 120 ರೂ. ದಿನದ 50 ಗ್ರಾಂಗೆ 6 ರೂ. ಚೀಟಿಯ ಪ್ರಕಾರ ಕ್ಯಾಲ್ಸಿಯಂ ಶೇ. 20, ರಂಜಕ ಶೇ. 12. ಅಂದರೆ 50 ಗ್ರಾಂನಲ್ಲಿ ಕ್ಯಾಲ್ಸಿಯಂ 10 ಗ್ರಾಂ, ರಂಜಕ 6 ಗ್ರಾಂ. ಜೊತೆಗೆ ಮೆಗ್ನೀಷಿಯಂ, ಸತು, ತಾಮ್ರ, ಮ್ಯಾಂಗನೀಸ್, ಅಯೋಡಿನ್, ಕೋಬಾಲ್ಟ್. ದ್ರಾವಣದ ಅರ್ಧ ಬೆಲೆಗೆ ಆರು ಪಟ್ಟು ಕ್ಯಾಲ್ಸಿಯಂ, ಅದಕ್ಕಿಂತ ಹೆಚ್ಚು ಪಟ್ಟು ರಂಜಕ.

3. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್): ಪಶು ಆಹಾರಕ್ಕೆಂದೇ ಮಾಡಿದ್ದರಲ್ಲಿ ಕ್ಯಾಲ್ಸಿಯಂ ಶೇ. 23ರ ಆಸುಪಾಸು, ರಂಜಕ ಶೇ. 18ರ ಆಸುಪಾಸು. ರಂಜಕಕ್ಕೆ ಒಳ್ಳೆಯದು. ಆದರೆ ಸತು, ತಾಮ್ರ ಇತ್ಯಾದಿ ಇದರಲ್ಲಿ ಇಲ್ಲ.

4. ಸುಣ್ಣದ ತಿಳಿ: ನಮ್ಮ ಅವ್ವನ ಕಾಲದ ರೂಢಿ. ಸುಣ್ಣ ನೀರಿನಲ್ಲಿ ಕರಗುವುದೇ ಬಹಳ ಕಡಿಮೆ. ಒಂದು ಲೀಟರ್ ತಿಳಿಯಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂ ಸಹ ಇರುವುದಿಲ್ಲ. ರಂಜಕ ಸೊನ್ನೆ. ತಳದ ಗಸಿ ಕುಡಿಸಿದರೆ ಬಾಯಿ, ಹೊಟ್ಟೆ ಸುಡುತ್ತದೆ.

5. ಸುಣ್ಣದ ಕಲ್ಲಿನ ಪುಡಿ: ಕ್ಯಾಲ್ಸಿಯಂ ಶೇ. 35ರಿಂದ 40. ಬಹಳ ಅಗ್ಗ. ರಂಜಕ ಇಲ್ಲ. ಬೂಸಾ, ಹಿಂಡಿ ಧಾರಾಳ ಹಾಕಿ ಹೊಟ್ಟು, ಸೊಪ್ಪು ಹಾಕದ ಮನೆಯವರಿಗೆ ಇದು ಉಪಯೋಗ. ನನ್ನಂಥ ಕಣಿಕೆ, ಹೊಟ್ಟಿನವನಿಗೆ ಅಲ್ಲ.

6. ನೆಕ್ಕುವ ಇಟ್ಟಿಗೆ: ಇದರಲ್ಲಿ ಹೆಚ್ಚಿನ ಪಾಲು ಉಪ್ಪು. ಉಪ್ಪಿಗಾಗಿ ತೂಗುಹಾಕಲು ಅಡ್ಡಿಯಿಲ್ಲ. ಆದರೆ ಯಾವ ಎಮ್ಮೆ ಎಷ್ಟು ನೆಕ್ಕಿತು ಅಂತ ಲೆಕ್ಕ ಸಿಗುವುದಿಲ್ಲ. ನಮ್ಮಲ್ಲಿ ಒಂದು ಎಮ್ಮೆ ಎರಡು ವಾರದಲ್ಲಿ ಮುಗಿಸಿತು, ಕರು ಮುಟ್ಟಲೇ ಇಲ್ಲ.

7. ಗೋಧಿ ಬೂಸಾ: ಇದು ಔಷಧದ ಅಂಗಡಿಯದಲ್ಲ. ಆದರೂ ಪಟ್ಟಿಯಲ್ಲಿ ಸೇರಿಸಿದ್ದೇನೆ. 30 ರೂಪಾಯಿಯ ಒಂದು ಕೆ.ಜಿ.ಯಲ್ಲಿ 10 ಗ್ರಾಂ ರಂಜಕ, ಅದರ ಮೇಲೆ ಹೊಟ್ಟೆಗೆ ಆಹಾರ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಬೂಸಾದ ರಂಜಕವನ್ನು ಬಿಡಿಸಿಕೊಡುತ್ತವೆ. ಕೋಳಿಗೆ ಆ ಶಕ್ತಿ ಕಡಿಮೆ.

ಚೀಲದ ಪಶು ಆಹಾರ ಹಾಕುವವರು ಇನ್ನೊಂದು ನೋಡಬೇಕು. ಧಾರವಾಡದಲ್ಲಿ ಕೆ.ಎಂ.ಎಫ್.ನ ಪಶು ಆಹಾರ ಕಾರ್ಖಾನೆ ಇದೆ, ಖಾಸಗಿಯವರದ್ದೂ ಸಿಗುತ್ತದೆ. ಇಂಥ ಆಹಾರದಲ್ಲಿ ಸಾಮಾನ್ಯವಾಗಿ ನೂರು ಕೆ.ಜಿ.ಗೆ ಒಂದೆರಡು ಕೆ.ಜಿ. ಖನಿಜ ಮಿಶ್ರಣ ಮೊದಲೇ ಸೇರಿರುತ್ತದೆ. ದಿನಕ್ಕೆ ನಾಲ್ಕು ಕೆ.ಜಿ. ಹಾಕುವ ಮನೆಯಲ್ಲಿ ಆಗಲೇ 40ರಿಂದ 80 ಗ್ರಾಂ ಹೋದಂತಾಯಿತು. ಅವರು ಪುಡಿ ಕೊಳ್ಳುವ ಮೊದಲು ಡಾಕ್ಟರರನ್ನು ಕೇಳುವುದು ಮೇಲು.

ಜೀವಸತ್ವಕ್ಕೆ ದುಡ್ಡು ಯಾವಾಗ?

ಬಣ್ಣಬಣ್ಣದ ಡಬ್ಬಿಗಳ ಮೇಲೆ ಎ, ಡಿ, ಇ, ಬಿ ಎಲ್ಲ ಬರೆದಿರುತ್ತದೆ. ಎಮ್ಮೆಗೆ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ.

ಬಿ ಗುಂಪಿನವನ್ನು ದೊಡ್ಡ ಎಮ್ಮೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಬಿ12 ತಯಾರಾಗಲು ಕೋಬಾಲ್ಟ್ ಬೇಕು. ಅದು ಖನಿಜ ಮಿಶ್ರಣದಲ್ಲಿ ಇದೆ. ಸಿ ಜೀವಸತ್ವ ಅದರ ಪಿತ್ತಜನಕಾಂಗದಲ್ಲೇ ಆಗುತ್ತದೆ. ಡಿ ಜೀವಸತ್ವ ಬಿಸಿಲಿಗೆ ಅಡ್ಡಾಡುವ ಎಮ್ಮೆಯ ಚರ್ಮದಲ್ಲಿ ತಯಾರಾಗುತ್ತದೆ, ಬಿಸಿಲಿನಲ್ಲಿ ಒಣಗಿದ ಮೇವಿನಲ್ಲೂ ಇರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬರವೇ? ಹಗಲೆಲ್ಲ ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿದ ಕರುವಿಗೆ ಬೇಕಾಗಬಹುದು. ಆ ಹುಡುಗನ ಆಮೆಯಂತೆ.

ನಿಜವಾಗಿ ಕಡಿಮೆ ಬೀಳುವುದು ಎ. ಅದು ಹಸಿರು ಮೇವಿನ ಕೆರೋಟಿನ್ ಎಂಬ ಬಣ್ಣದಿಂದ ಆಗುತ್ತದೆ. ಎಮ್ಮೆ ಆ ಬಣ್ಣವನ್ನೆಲ್ಲ ಎ ಜೀವಸತ್ವವಾಗಿ ಮಾರ್ಪಡಿಸುತ್ತದೆ. ಅದಕ್ಕೇ ಅದರ ಹಾಲು, ಬೆಣ್ಣೆ ಬೆಳ್ಳಗೆ. ಆಕಳು ಸ್ವಲ್ಪ ಬಣ್ಣವನ್ನು ಹಾಗೇ ಬಿಡುವುದರಿಂದ ಅದರ ಬೆಣ್ಣೆ ಹಳದಿ. ತಿಂಗಳುಗಟ್ಟಲೆ ಒಣ ಕಣಿಕೆ ತಿಂದರೆ ಇರುಳುಗಣ್ಣು, ಸತ್ತೆ ಬೀಳದಿರುವುದು, ಬಲವಿಲ್ಲದ ಕರು ಇವೆಲ್ಲ ಬರಬಹುದು. ಇದಕ್ಕೆ ಅಗ್ಗದ ಔಷಧ ಹಸಿರೇ. ನಾನು ಬೋರಿನ ಹತ್ತಿರ ಎರಡು ಗುಂಟೆ ಕುದುರೆ ಮೆಂತ್ಯೆ ಹಾಕಿದ್ದೇನೆ, ಬದುವಿನ ಮೇಲೆ ನುಗ್ಗೆ ಹಚ್ಚಿದ್ದೇನೆ. ದಿನಕ್ಕೆ ನಾಲ್ಕೈದು ಕೆ.ಜಿ. ಹಸಿರು ಸಿಕ್ಕರೂ ಆಯಿತು. ಅದೂ ಇಲ್ಲದ ಬರಗಾಲದಲ್ಲಿ ಮಾತ್ರ ಡಾಕ್ಟರರು ಹೇಳಿದಂತೆ ಎ ಜೀವಸತ್ವ ಕೊಡಿಸಬಹುದು.

ಧಾರವಾಡಿ ಎಮ್ಮೆಗೆ ಮಾಡಿದ್ದು

ನಮ್ಮ ಧಾರವಾಡಿ ಎಮ್ಮೆಯನ್ನು ಕರ್ನಾಲದ ರಾಷ್ಟ್ರೀಯ ಸಂಸ್ಥೆ 2021ರಲ್ಲಿ ಒಂದು ತಳಿ ಎಂದು ದಾಖಲಿಸಿತು. ಅದಕ್ಕೆ ಬೇಕಾದ ಕೆಲಸ ಮಾಡಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಧಾರವಾಡ ಪೇಢೆಗೆ ಹೆಸರು ತಂದದ್ದು ಇದರ ಹಾಲೇ. ಹಾಲು ಮುರ್ರಾದಷ್ಟು ಇಲ್ಲ, ಆದರೆ ಒಣ ಮೇವು ತಿಂದು ತಾಳುತ್ತದೆ. ತಾಳುತ್ತದೆ ಎಂದು ಬರೇ ಕಣಿಕೆ ಹಾಕಿ ಕೂಡ್ರುವುದು ಸರಿಯಲ್ಲ ಎಂಬುದು ಈಗ ತಿಳಿದಿದೆ.

2024ರ ಏಪ್ರಿಲ್‌ನಿಂದ ಹೀಗೆ ಮಾಡಿದೆ:

ಮೊದಲು ಸಗಣಿ ಪರೀಕ್ಷೆ ಮಾಡಿಸಿ ಜಂತಿನ ಔಷಧ ಹಾಕಿಸಿದೆ. ಮಣ್ಣು ತಿನ್ನುವುದು, ಹಗ್ಗ ಕಡಿಯುವುದು ಜಂತಿನಿಂದಲೂ ಇರಬಹುದು. ಜಂತು ಬಿಟ್ಟು ಖನಿಜ ಹಾಕಿದರೆ ದುಡ್ಡು ದಂಡ.

ಕಿರಾಣಿ ಅಂಗಡಿಯಲ್ಲಿ 50 ಗ್ರಾಂ ಖನಿಜ ಮಿಶ್ರಣ ತೂಗಿಸಿ, ಪ್ಲಾಸ್ಟಿಕ್ ಲೋಟಕ್ಕೆ ಗೆರೆ ಹಾಕಿಕೊಂಡೆ. "ಒಂದು ಮುಷ್ಟಿ" ಅನ್ನುವ ಅಳತೆ ನಂಬಬಾರದು. ನನ್ನ ಮುಷ್ಟಿಗೂ ಮನೆಯವರ ಮುಷ್ಟಿಗೂ ಮೂವತ್ತು ಗ್ರಾಂ ವ್ಯತ್ಯಾಸ ಬಂತು.

ಮೊದಲ ದಿನ 50 ಗ್ರಾಂ ಹಾಕಿದರೆ ಎಮ್ಮೆ ಮೂಸಿ ಬಿಟ್ಟಿತು. ಹತ್ತು ಗ್ರಾಂನಿಂದ ಶುರು ಮಾಡಿ, ನೆನೆಸಿದ ಬೂಸಾದಲ್ಲಿ ಕಲಸಿ, ಹತ್ತು ದಿನದಲ್ಲಿ 50ಕ್ಕೆ ತಂದೆ. ಜೊತೆಗೆ 30 ಗ್ರಾಂ ಉಪ್ಪು. ಬತ್ತಿದ ಕಾಲದಲ್ಲೂ ದಿನಕ್ಕೆ ಒಂದು ಕೆ.ಜಿ. ಬೂಸಾ ನಿಲ್ಲಿಸಲಿಲ್ಲ.

ಈಯುವುದಕ್ಕೆ ಮೂರು ವಾರ ಮೊದಲು ಕುದುರೆ ಮೆಂತ್ಯೆ ಕಡಿಮೆ ಮಾಡಿದೆ. ಕ್ಯಾಲ್ಸಿಯಂ ದ್ರಾವಣ ಮುಟ್ಟಲಿಲ್ಲ. ಇದರ ಕಾರಣ ಬಹಳ ಜನರಿಗೆ ತಿಳಿದಿಲ್ಲ. ಗಬ್ಬದ ಕೊನೆಗೆ ಹೊರಗಿನಿಂದ ಕ್ಯಾಲ್ಸಿಯಂ ಧಾರಾಳ ಬಂದರೆ ಎಲುಬಿನಿಂದ ತೆಗೆಯುವ ಕೆಲಸವನ್ನು ಮೈ ನಿಲ್ಲಿಸಿಬಿಡುತ್ತದೆ. ಈದ ದಿನ ಹಾಲಿಗೆ ಒಮ್ಮೆಲೇ ಬೇಕಾದಾಗ ಆ ಕೆಲಸ ಮತ್ತೆ ಶುರುವಾಗಲು ಎರಡು ಮೂರು ದಿನ ಬೇಕು. ಆ ಎರಡು ಮೂರು ದಿನದಲ್ಲೇ ಹಾಲುಜ್ವರ ಬರುವುದು. ಹೆಸರು ಜ್ವರ, ಆದರೆ ಕಿವಿ, ಮೈ ತಣ್ಣಗಾಗಿ, ಕುತ್ತಿಗೆ ಪಕ್ಕೆಗೆ ತಿರುಗಿಸಿ ಎಮ್ಮೆ ಮಲಗಿಬಿಡುತ್ತದೆ. ಆಗ ಬೇಕಾದದ್ದು ನರಕ್ಕೆ ಕೊಡುವ ಕ್ಯಾಲ್ಸಿಯಂ. ಅದು ಡಾಕ್ಟರರ ಕೈಯಲ್ಲೇ ಆಗಬೇಕು, ಜೋರಾಗಿ ಬಿಟ್ಟರೆ ಎದೆ ನಿಲ್ಲುತ್ತದೆ. ಹಿಂದಿನ ಸೂಲಿನಲ್ಲಿ ಹಾಲುಜ್ವರ ಬಂದ ಎಮ್ಮೆಗೆ ಕೊನೆಯ ಮೂರು ವಾರ ಖನಿಜ ಮಿಶ್ರಣ ಸಹ ಎಷ್ಟು ಎಂದು ಡಾಕ್ಟರರನ್ನು ಕೇಳಿ ಹಾಕಿರಿ.

ಆಗಸ್ಟ್‌ನಲ್ಲಿ ಎಮ್ಮೆ ಈದಿತು. ಸತ್ತೆ ಐದು ತಾಸಿನಲ್ಲಿ ಬಿತ್ತು. ಹಾಲು ದಿನಕ್ಕೆ ಐದು ಲೀಟರ್, ಹಿಂದಿನ ಸೂಲಿಗಿಂತ ಅರ್ಧ ಲೀಟರ್ ಹೆಚ್ಚು. ಡೇರಿಯಲ್ಲಿ ಫ್ಯಾಟ್ ಮೊದಲಿನಷ್ಟೇ ಬಂತು. "ಪುಡಿ ಹಾಕಿದರೆ ಫ್ಯಾಟ್ ಏರುತ್ತದೆ" ಎನ್ನುವವರ ಮಾತು ನನ್ನಲ್ಲಿ ನಿಜವಾಗಲಿಲ್ಲ. ಹಗ್ಗ ಕಡಿಯುವುದು ನಿಂತಿತು. ಕಂದಿದ್ದ ಕೂದಲು ಕಪ್ಪಾಯಿತು. ಎಲ್ಲಕ್ಕಿಂತ ದೊಡ್ಡ ಲಾಭ, ಈದ 75 ದಿನಕ್ಕೆ ಬೆದೆಗೆ ಬಂತು. ಹಿಂದಿನ ಸಲ ಐದು ತಿಂಗಳು ಕಾಯ್ದಿದ್ದೆವು. ಇದು ಒಂದು ಮನೆಯ ಒಂದು ಎಮ್ಮೆಯ ಮಾತು. ಆ ವರ್ಷ ಮಳೆಯೂ ಚೆನ್ನಾಗಿತ್ತು, ಹಸಿರೂ ಇತ್ತು. ಎಲ್ಲ ಪುಡಿಯದೇ ಪುಣ್ಯ ಎಂದು ನಾನು ಹೇಳುವುದಿಲ್ಲ.

ಐದು ಲೀಟರಿನ ಎಮ್ಮೆಗೆ ಬೂಸಾ ಜೊತೆ 50 ಗ್ರಾಂ ಸಾಕಾಯಿತು. ಎಂಟು ಹತ್ತು ಲೀಟರ್ ಕೊಡುವುದಕ್ಕೆ 100 ಗ್ರಾಂ ತನಕ ಬೇಕಾಗಬಹುದು, ಕರುವಿಗೆ 20ರಿಂದ 25 ಗ್ರಾಂ.

ಕೊಳ್ಳುವಾಗ, ಹಾಕುವಾಗ ಎಚ್ಚರ

ಚೀಲದ ಮೇಲೆ ಐ.ಎಸ್. 1664 ಎಂಬ ಭಾರತೀಯ ಮಾನಕದ ಸಂಖ್ಯೆ ಇದೆಯೇ ನೋಡಿ. ಕ್ಯಾಲ್ಸಿಯಂ ಎಷ್ಟು ಎಂದು ಎಲ್ಲರೂ ಬರೆಯುತ್ತಾರೆ. ರಂಜಕದ ಅಂಕಿ ಹುಡುಕಿ. ಮಿಶ್ರಣದಲ್ಲಿ ತುಟ್ಟಿ ಆದದ್ದು ರಂಜಕವೇ, ಅಗ್ಗದ ಪುಡಿಯಲ್ಲಿ ಕಡಿಮೆ ಮಾಡುವುದೂ ಅದನ್ನೇ. ರಂಜಕದ ಅಂಕಿ ಬರೆಯದ ಚೀಲ ನಾನು ಕೊಳ್ಳುವುದಿಲ್ಲ.

ಆಯಾ ಸೀಮೆಯ ಮಣ್ಣು, ಮೇವು ಪರೀಕ್ಷೆ ಮಾಡಿ, ಅಲ್ಲಿ ಕಡಿಮೆ ಇರುವುದನ್ನೇ ಹೆಚ್ಚಿಸಿ ತಯಾರಿಸುವ "ಪ್ರದೇಶವಾರು ಖನಿಜ ಮಿಶ್ರಣ"ದ ಬಗ್ಗೆ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಕೆಲಸ ಮಾಡಿದೆ. ನಿಮ್ಮ ಭಾಗದ್ದು ಸಿಕ್ಕರೆ ಅದೇ ಮೇಲು. ನಿಮ್ಮ ಹಾಲಿನ ಸಂಘದಲ್ಲಿ ಕೇಳಿ ನೋಡಿ.

ರಂಜಕ ಬೇಕು ಅಂತ ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟ್, ಶಿಲಾರಂಜಕ ತಿನ್ನಿಸಬೇಡಿ. ಅದರಲ್ಲಿನ ಫ್ಲೋರಿನ್ ಹಲ್ಲು, ಎಲುಬು ಕೆಡಿಸುತ್ತದೆ. ಎಲುಬಿನ ಪುಡಿ ಹಿಂದೆ ಹಾಕುತ್ತಿದ್ದರು. ಹುಚ್ಚು ಆಕಳ ರೋಗದ ಭಯದಿಂದ ಈಗ ಹಾಲಿನ ದನಗಳಿಗೆ ಅದನ್ನು ತಿನ್ನಿಸಬಾರದೆಂದು ಆಹಾರ ಸುರಕ್ಷತೆಯ ನಿಯಮವೇ ಇದೆ.

ದನಕ್ಕೆ ತಂದ ಪುಡಿಯನ್ನು ಕುರಿಗೆ ಹಾಕಬೇಡಿ. ಅದರಲ್ಲಿನ ತಾಮ್ರ ಕುರಿಗೆ ವಿಷ. ಕುರಿಯದ್ದು ಬೇರೆ ಸಿಗುತ್ತದೆ.

ಯಾವ ದ್ರಾವಣವನ್ನೂ ಕತ್ತು ಎತ್ತಿ, ನಾಲಿಗೆ ಎಳೆದು ಸುರಿಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಎಮ್ಮೆ ಹೋಗುತ್ತದೆ. ಹಿಂಡಿ, ಬೂಸಾದಲ್ಲಿ ಕಲಸಿ ಕೊಡಿ.

ಎಮ್ಮೆ ಈದ ಮೇಲೆ ಒಂದೂವರೆ ತಿಂಗಳ ತನಕ ಮೂತ್ರದ ಮೇಲೆ ಕಣ್ಣಿರಲಿ. ಚಹಾದ ಬಣ್ಣ ಕಂಡ ದಿನವೇ ಡಾಕ್ಟರರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಫೋನ್ ಮಾಡಬಹುದು. ಏನು ತಿನ್ನಿಸಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಮೊದಲ ದಿನ ರಂಜಕದ ಇಂಜೆಕ್ಷನ್ ಸಿಕ್ಕ ಎಮ್ಮೆಗಳು ಬದುಕಿದ್ದನ್ನು ಆಮೇಲೆ ನಮ್ಮ ಊರಲ್ಲೇ ಎರಡು ಕಡೆ ನೋಡಿದ್ದೇನೆ.

ಆ ಎರಡನೇ ಕ್ಯಾಲ್ಸಿಯಂ ಡಬ್ಬಿ ಅವಧಿ ಮುಗಿದರೂ ಕೊಟ್ಟಿಗೆಯ ಗೂಡಿನಲ್ಲಿ ಇದೆ. ಚೆಲ್ಲಲು ಮನಸ್ಸಾಗಿಲ್ಲ. ಅದರ ಪಕ್ಕದಲ್ಲಿ ಗೆರೆ ಹಾಕಿದ ಲೋಟ ಇಟ್ಟಿದ್ದೇನೆ. ದಿನಾ ಬೆಳಗ್ಗೆ ಲೋಟ ತೆಗೆಯುವಾಗ ಡಬ್ಬಿ ಕಣ್ಣಿಗೆ ಬೀಳುತ್ತದೆ.

ನೆಲ್ಲುಹುಲ್ಲಿನ ಸೀಮೆಯ ಕಲಘಟಗಿ, ಅಳ್ನಾವರ ಕಡೆಯ ರೈತರು, ಕಬ್ಬಿನ ವಾಡೆ ತಿನ್ನಿಸುವ ಬೆಳಗಾವಿ ಕಡೆಯವರು ತಮ್ಮ ಗೋದಲಿಯ ಲೆಕ್ಕ ಹೇಗಿದೆ ಎಂದು ಬರೆದು ತಿಳಿಸಿದರೆ ಎಲ್ಲರಿಗೂ ಉಪಯೋಗ ಆಗುತ್ತದೆ.